ಗುಡಿ ಬೇಡವೆಂದ ಜೊಂಡಮ್ಮ

ಕೆರೆಗಳಿಗೆ ಇನ್ನೂ ಹೆಸರೇ ಇಡದಿದ್ದ ಪುರಾತನ ಕಾಲದಲ್ಲಿ, ತೀರ್ಥಾಟನನಿರತನಾದ ಶಾಂಭವ್ಯನೆಂಬ ಮಹರ್ಷಿಯು ಈ ತಗ್ಗು ಭೂಮಿಗೆ ಬಂದು, ಬೆಟ್ಟದಿಂದ ಇಳಿದ ಕೆಸರುನೀರು ಆಳೆತ್ತರದ ಜೊಂಡುಹುಲ್ಲನ್ನು ಹೊಕ್ಕು ತಿಳಿನೀರಾಗಿ ಹೊರಬರುವುದನ್ನು ಕಂಡು, ಇಲ್ಲಿ ಜಗನ್ಮಾತೆಯೇ ಕುಳಿತು ನೀರನ್ನು ಸೋಸುತ್ತಿರುವಳೆಂದು ಅರಿತು, ಭಕ್ತಿಪರವಶನಾಗಿ ದಡದಲ್ಲೇ ಆಚಮನಗೈದು ಮುಂದೆ ಸಾಗಿದನು. ಜ್ಞಾನಿಯಾದ ಅವನು ಇಲ್ಲಿ ಏನನ್ನೂ ಕಟ್ಟಲಿಲ್ಲ.

ಕಾಲಾಂತರದಲ್ಲಿ ಆ ಜೌಗುನೆಲದ ಕೆಳಗೆ ಹಿರಿಕೆರೆಯೂ, ಕೆರೆಯ ಕೆಳಗೆ ನಮ್ಮ ಕೊಳನೂರು ಪಟ್ಟಣವೂ ತಲೆಯೆತ್ತಿ, ಸೋವರಸನೆಂಬ ಧರ್ಮನಿಷ್ಠ ದೊರೆಯ ಆಳ್ವಿಕೆಗೆ ಬಂದವು. ಸಮಸ್ತ ಪ್ರಜೆಗಳ ದಾಹ ತಣಿಸುವ ಜೊಂಡಮ್ಮನಿಗೆ ಒಂದು ಗುಡಿಯಿಲ್ಲವೆಂಬ ಕೊರಗು ದೊರೆಯನ್ನು ಹಗಲಿರುಳು ಕಾಡುತ್ತಿತ್ತು. ಆದುದರಿಂದ ಅವನು ಜೊಂಡನ್ನು ಕೊಯ್ಯಿಸಿ, ಜೌಗಿಗೆ ಮಣ್ಣು ತುಂಬಿಸಿ, ಆ ಮಣ್ಣಿನ ಮೇಲೆಯೇ ದೇವಿಗೆ ಶಿಲಾಮಯ ದೇಗುಲವನ್ನು ಎತ್ತಿಸತೊಡಗಿದನು. ಇಂಥ ತಪ್ಪನ್ನು ಭಕ್ತರಲ್ಲದೆ ಬೇರೆ ಯಾರು ಮಾಡಿಯಾರು?

ಆ ವರ್ಷದ ಮಳೆಗೆ ಕೆಂಪುನೀರು ಸೋಸುವವರಿಲ್ಲದೆ ನೇರ ಕೆರೆಗೆ ನುಗ್ಗಿತು. ಪಟ್ಟಣದಲ್ಲಿ ವಾಂತಿಭೇದಿ ಹಬ್ಬಿ ಮನೆಮನೆಯಲ್ಲೂ ಮಕ್ಕಳು ಮಲಗಿದರು. ಕೆರೆಯ ತೂಬನ್ನು ತೆರೆದು ಮುಚ್ಚಿ ಊರಿಗೆ ನೀರು ಬಿಡುವ ನೀರುಗಂಟಿ ಹಲಗಯ್ಯನ ಒಬ್ಬಳೇ ಮಗಳು ದ್ಯಾವಿಯೂ ಹಾಸಿಗೆ ಹಿಡಿದಳು. ಅಪ್ಪಣೆಯಿಲ್ಲದೆ ತೂಬು ಮುಚ್ಚಿದವನಿಗೆ ತಲೆದಂಡವೆಂಬ ಶಾಸನವಿದ್ದರೂ, ಹಲಗಯ್ಯನು ತೂಬನ್ನು ಬಿಗಿದು, ಅರ್ಧ ಎದ್ದ ಗುಡಿಯ ಮುಂದಿದ್ದ ದೊರೆಯ ಬಳಿಗೆ ನಡೆದನು.

"ಬುದ್ದೀ, ಈ ನೀರ ನಾನು ಊರಿಗೆ ಬಿಡಾಕಿಲ್ಲ. ನನ್ನ ಕೈಯಾರೆ ಕುಡಿಸಿ ಮಗೀನ ಮಲಗಿಸಿವ್ನಿ," ಎಂದನು.

"ಗುಡಿ ಮುಗಿಯಲಿ ಕಣಯ್ಯ, ದೇವಿಯೇ ಕಾಯುತ್ತಾಳೆ," ಎಂದು ದೊರೆ ಸಮಾಧಾನ ಹೇಳುತ್ತಿದ್ದಂತೆಯೇ ಹಲಗಯ್ಯನ ಮೈ ನಡುಗಿತು, ಕಣ್ಣು ಕೆಂಪೇರಿತು. ನೆರೆದವರೆಲ್ಲ ಕೇಳುವಂತೆ ಅವನ ಬಾಯಿಂದ ದೇವಿಯ ನುಡಿ ಹೊರಟಿತು:

"ಎಲೈ ಅರಸನೆ, ನೀನು ಮಣ್ಣು ಮುಚ್ಚಿದ್ದು ನನ್ನ ಮನೆಗೆ. ನನ್ನನ್ನು ಹೂತು, ಮೇಲೊಂದು ಮನೆ ಕಟ್ಟಿ, ಒಳಗೆ ಯಾರನ್ನು ಕೂರಿಸುವೆ? ಜೊಂಡೇ ನನ್ನ ಗೋಡೆ, ಕೆಸರೇ ನನ್ನ ಪೀಠ. ಮಣ್ಣನ್ನು ತೆಗೆ."

ಎದ್ದ ಗುಡಿಯನ್ನು ಕೆಡಹುವುದು ಯಾವ ದೊರೆಗೂ ಮಾನ ಕಳೆಯುವ ಕೆಲಸ. ಸೋವರಸನು ಎಲ್ಲರೆದುರು ಅತ್ತನು. ಬಳಿಕ ಕಿರೀಟ ತೆಗೆದಿಟ್ಟು, ಆ ತಲೆಯ ಮೇಲೆ ಮೊದಲ ಬುಟ್ಟಿ ಮಣ್ಣನ್ನು ಹೊತ್ತನು. ಇಪ್ಪತ್ತೊಂದು ದಿನ ಊರಿಗೆ ಊರೇ ಮಣ್ಣು ಹೊತ್ತಿತು. ಜೊಂಡು ಮತ್ತೆ ಚಿಗುರಿ ನೀರು ತಿಳಿಯಾಗುವ ತನಕ ಜನ ದೂರದ ಬಾವಿಗಳಿಂದ ನೀರು ತಂದರು. ದ್ಯಾವಿ ಬದುಕಿದಳು. ಅವಳ ವಂಶದವರೇ ಇಂದಿಗೂ ದೇವಿಯ ಅರ್ಚಕರು.

ಕೆಡವಿದ ಗುಡಿಯ ಅಡಿಗಲ್ಲುಗಳ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುವುದನ್ನು ಭಕ್ತಾದಿಗಳು ಈಗಲೂ ನೋಡಬಹುದು. ಪ್ರತಿ ವರ್ಷ ಚೈತ್ರಮಾಸದ ಮಣ್ಣೆತ್ತುವ ಉತ್ಸವದಲ್ಲಿ ನಗರಸಭೆಯ ಅಧ್ಯಕ್ಷರು, ಯಾವ ಪಕ್ಷದವರೇ ಆಗಿರಲಿ, ಬರಿಗಾಲಿನಲ್ಲಿ ಜೌಗಿಗಿಳಿದು ಮೊದಲ ಬುಟ್ಟಿ ಹೂಳನ್ನು ಹೊರುತ್ತಾರೆ. ಊರಿನ ಒಂದು ಚರಂಡಿಯೂ ಇತ್ತ ಮುಖ ಮಾಡುವುದಿಲ್ಲ. ಇಷ್ಟು ಹೇಳಿಕೊಳ್ಳಲು ನಮಗೆ ಸಂಕೋಚವಿಲ್ಲ.

ಕೆಲವು ವರ್ಷಗಳ ಹಿಂದೆ ಜೌಗಿನ ನಡುವೆಯೇ ನೇರವಾಗಿ ಹೊಸ ರಸ್ತೆ ಹಾಯಿಸುವ ನಕ್ಷೆಯೊಂದು ಸಿದ್ಧವಾಗಿ, ಉತ್ಸವದ ಮರುವಾರವೇ ಸಹಿಗೆ ಬಂದಿತು. ಆಗಿನ ಅಧ್ಯಕ್ಷೆ ಪುಟ್ಟತಾಯಮ್ಮನವರು ನಕ್ಷೆಯನ್ನು ಹಿಂದಕ್ಕೆ ಸರಿಸಿ, "ಹೋದ ವಾರ ನಾನು ಹೊತ್ತು ಹಾಕಿದ ಮಣ್ಣನ್ನ ಈ ವಾರ ನೀವು ಲಾರೀಲಿ ತಂದು ಸುರೀತೀರಾ? ರಸ್ತೇನ ಬಳಸಿ ತಗೊಂಡು ಹೋಗಿ," ಎಂದರು. ರಸ್ತೆ ಬಳಸಿಯೇ ಹೋಯಿತು.

ಎರಡು ಮೈಲಿ ಸುತ್ತಾಯಿತೆಂದು ನೆರೆಯೂರಿನವರು ಗೊಣಗುತ್ತಾರೆ, ಗೊಣಗಲಿ. ಕೊಳನೂರಿಗೆ ಬರುವ ಬಸ್ಸು ಆ ತಿರುವಿನಲ್ಲಿ ಓರೆಯಾದಾಗ ದೇವಿಯು ತಮ್ಮ ಬಲಗಡೆಗಿರುತ್ತಾಳೆ. ಕುಳಿತಲ್ಲಿಂದಲೇ ಕೈಮುಗಿಯಿರಿ, ಪ್ರದಕ್ಷಿಣೆ ಆಗಿಹೋಯಿತು.