ಬಡಿಸುವ ಕೈ

ಹೊಳೆದಂಡೆಯ ಆಶ್ರಮದಲ್ಲಿ ಭೈರವ ಪಂಡಿತರು ವೈದ್ಯ ಕಲಿಸುತ್ತಿದ್ದರು. ಅಲ್ಲಿ ರೋಗಿಯೇ ಪಾಠ. ರೋಗಿ ಬಂದರೆ ಕಿರಿಯ ಶಿಷ್ಯರು ಸುತ್ತ ಕೂತು ವಿಚಾರಿಸಬೇಕು, ವಾದಿಸಬೇಕು, ಕಾಯಿಲೆಯನ್ನು ತಾವೇ ಹುಡುಕಬೇಕು. ದಾರಿ ತೋರಲು ಜೊತೆಗೆ ಹಿರಿಯ ಶಿಷ್ಯನೊಬ್ಬ ಕೂರುತ್ತಿದ್ದ.

ಆ ಹಿರಿಯನ ಜಾಗ ಖಾಲಿಯಾದಾಗ ಗುರುಗಳು ಔಷಧದ ಬೇರು ಕುಟ್ಟುತ್ತಿದ್ದ ಶಿಷ್ಯ ಹಂಪಯ್ಯನನ್ನು ಕರೆದರು.

"ಕಿರಿಯರು ಕಲಿತರೆ ಆ ಜಾಗ ನಿನ್ನದು. ಇಲ್ಲದಿದ್ದರೆ ಮತ್ತೆ ಬೇರು ಕುಟ್ಟುವ ಕೆಲಸ."

ಹಂಪಯ್ಯ ಬಹಳ ದಿನಗಳಿಂದ ಆಸೆಪಟ್ಟ ಜಾಗ ಅದು.

ಮೊದಲು ಕೆಮ್ಮುವ ಮುದುಕಿಯೊಬ್ಬಳು ಬಂದಳು. ಕಿರಿಯರು ಬಾಯಿ ತೆರೆಯುವ ಮೊದಲೇ ಹಂಪಯ್ಯ ಕಾಯಿಲೆ, ಕಾರಣ, ಔಷಧ ಎಲ್ಲವನ್ನೂ ಪಟಪಟನೆ ಹೇಳಿ ಮುಗಿಸಿದ. ಕಿರಿಯರು ತಲೆದೂಗಿದರು. ಹಂಪಯ್ಯ ಉಬ್ಬಿಹೋದ.

ಊಟಕ್ಕೆ ದಿನವೂ ಬಡಿಸುತ್ತಿದ್ದವರು ಗುರುಗಳೇ. ಅಂದು ಹಂಪಯ್ಯನ ಮುಂದೆ ಮಾತ್ರ ಎಲೆ ಹಾಕಿದರು.

"ಇವರಿಗೆ, ಗುರುಗಳೇ?"

"ನೀನು ಉಣ್ಣು. ಅದನ್ನು ನೋಡಿಯೇ ಅವರ ಹೊಟ್ಟೆ ತುಂಬಲಿ."

ಹಂಪಯ್ಯ ಕಲಸಿದ ತುತ್ತನ್ನು ಎಲೆಯಲ್ಲೇ ಬಿಟ್ಟು ಎದ್ದ.

ಮರುದಿನ ವ್ಯಾಪಾರಿಯೊಬ್ಬ ಬಂದ. ಅವನ ಎಡ ಭುಜದ ಮೇಲೆ ಉರಿಯುವ ಬೊಕ್ಕೆಗಳೆದ್ದಿದ್ದವು. ಹಂಪಯ್ಯ ತುಟಿ ಬಿಗಿಹಿಡಿದು ಕೂತ. ಕಿರಿಯರು ಪಿತ್ತವೆಂದು ತೀರ್ಮಾನಿಸಿ ಭೇದಿಯ ಔಷಧ ಅರೆಯತೊಡಗಿದರು. ಪಾಪ, ವ್ಯಾಪಾರಿಯ ಮುಖ ಬಾಡಿತು.

ಗುರುಗಳು ಬಂದು ಅರೆಯುವ ಕೈ ಹಿಡಿದರು. ಹಂಪಯ್ಯನನ್ನು ಪಕ್ಕಕ್ಕೆ ಕರೆದರು.

"ತಪ್ಪು ಅಂತ ನಿನಗೆ ಗೊತ್ತಿರಲಿಲ್ವೇ?"

"ಗೊತ್ತಿತ್ತು. ನೀವು ಬೈತೀರಿ ಅಂತ ಸುಮ್ಮನಿದ್ದೆ."

"ಸುಮ್ಮನಿರೋಕೆ ಆ ಕಂಬ ಇದೆಯಲ್ಲ. ನೀನ್ಯಾಕೆ?"

ಹಂಪಯ್ಯನ ಕಣ್ಣು ತುಂಬಿತು. "ಹೇಳಿದರೂ ತಪ್ಪು, ಹೇಳದಿದ್ದರೂ ತಪ್ಪು. ಏನು ಮಾಡಲಿ?"

"ನಿನಗೆ ಹೇಗೆ ಗೊತ್ತಾಯಿತು?"

"ಒಂದೇ ಭುಜದ ಮೇಲೆ ಯಾಕೆ ಎದ್ದಿದೆ ಅಂತ ಅನುಮಾನ ಬಂತು."

"ಉತ್ತರ ಬಚ್ಚಿಟ್ಟೆ, ಸರಿ. ಅನುಮಾನವನ್ನೂ ಬಚ್ಚಿಡಬೇಕಿತ್ತೇ?"

ಹಂಪಯ್ಯ ಓಡಿಹೋಗಿ ಕಿರಿಯರ ನಡುವೆ ಕೂತ.

"ಬೊಕ್ಕೆ ಎಡ ಭುಜಕ್ಕೆ ಮಾತ್ರ ಯಾಕೆ ಎದ್ದಿದೆ?" ಎಂದು ಕೇಳಿ ಬಾಯಿ ಮುಚ್ಚಿದ.

ಕಿರಿಯರು ಬಗ್ಗಿ ಮತ್ತೆ ಭುಜವನ್ನು ನೋಡಿದರು. ಹಂಪಯ್ಯನ ನಾಲಿಗೆ ತುರಿಸುತ್ತಿತ್ತು. ತಡೆದುಕೊಂಡ.

ಯಾವಾಗಲೂ ಹಿಂದೆ ಕೂರುವ ಸಾಂಬ ಮೆಲ್ಲಗೆ ವ್ಯಾಪಾರಿಯನ್ನು ಕೇಳಿದ. "ಶಲ್ಯ ಯಾವ ಕಡೆ ಹೊದೀತೀರಿ?"

"ಎಡಕ್ಕೆ. ಮೊನ್ನೆಯಷ್ಟೇ ಅಗಸರ ಮನೆಯಿಂದ ಬಂತು."

ಇನ್ನೊಬ್ಬ ಶಲ್ಯ ಬಿಡಿಸಿದ. ಅಂಚಿನಲ್ಲಿ ಅಗಸ ಹಾಕಿದ ಕಪ್ಪು ಗುರುತು. ಗುರುತಿಗೆ ಬಳಸುವ ಕೇರುಕಾಯಿಯ ರಸ ತಾಗಿ ಚರ್ಮ ಸುಟ್ಟಿತ್ತು.

"ಇದೇ, ಇದೇ!" ಎಂದು ಎಲ್ಲರೂ ಒಟ್ಟಿಗೇ ಕೂಗಿದರು. ಶಲ್ಯ ತೆಗೆಸಿ ಬೆಣ್ಣೆ ಹಚ್ಚಿ, ಗುರುಗಳ ಬಳಿಗೆ ಓಡಿದರು.

"ನಾವೇ ಕಂಡುಹಿಡಿದೆವು, ಗುರುಗಳೇ!"

ಹಂಪಯ್ಯನ ಹೆಸರನ್ನು ಯಾರೂ ಎತ್ತಲಿಲ್ಲ. ಅವನಿಗೆ ಅದೇ ಖುಷಿ.

ಅಂದು ಊಟಕ್ಕೆ ಕಿರಿಯರೆಲ್ಲರ ಮುಂದೆ ಎಲೆ ಬಿತ್ತು. ಹಂಪಯ್ಯನ ಮುಂದೆ ಬೀಳಲಿಲ್ಲ.

"ಹಸಿವೇನೋ?" ಎಂದರು ಗುರುಗಳು.

"ಇಲ್ಲ ಗುರುಗಳೇ. ಯಾಕೋ ಹೊಟ್ಟೆ ತುಂಬಿದ ಹಾಗಿದೆ."

ಗುರುಗಳು ಸೌಟನ್ನು ಅವನ ಕೈಗಿಟ್ಟರು.

"ಹಾಗಾದರೆ ಇನ್ನು ಮೇಲೆ ನೀನೇ ಬಡಿಸು."