ರಾಜಾಜ್ಞೆಯನ್ನು ತಡೆದು ನಿಲ್ಲಿಸಿದ ಶ್ರೀ ಮೇರೆಲಿಂಗೇಶ್ವರನ ಮಹಿಮೆ

ಇಂದು ಭಕ್ತಾದಿಗಳು ಮೆಟ್ಟಿಲೇರಿ ಬರುವ ಈ ಶಿಲಾಗಿರಿಯ ಸುತ್ತ ಘೋರಾರಣ್ಯವೇ ಹಬ್ಬಿದ್ದ ಪುರಾತನ ಕಾಲದಲ್ಲಿ, ವಜ್ರಪುರಿಯನ್ನು ರಾಜಧಾನಿಯಾಗಿ ಮಾಡಿಕೊಂಡು ರಣಧವಳನೆಂಬ ಮಹಾರಾಜನು ಆಳುತ್ತಿದ್ದನು. ಸಾಮಂತರ ಕಿರೀಟಗಳನ್ನು ತನ್ನ ಪಾದಪೀಠಕ್ಕೆ ಬಾಗಿಸಿದ್ದ ಆ ಮಹಾಪರಾಕ್ರಮಿಯ ಆಜ್ಞೆಯು ನಡೆಯದ ನೆಲವೇ ಇಲ್ಲವೆಂದು ವಂದಿಮಾಗಧರು ಹಾಡುತ್ತಿದ್ದರು.

ಇಂತಿರಲು ಪಟ್ಟಮಹಿಷಿಯಾದ ಮಲ್ಲಿಕಾದೇವಿಯು ಹೆಣ್ಣುಕೂಸಿಗೆ ಜನ್ಮವಿತ್ತು, ಅದರ ಮುಖವನ್ನು ಕಾಣುವ ಮುನ್ನವೇ ಶಿವಸಾಯುಜ್ಯವನ್ನು ಹೊಂದಿದಳು. ಶೋಕಸಂತಪ್ತನಾದ ಅರಸನು ಆಕೆಯ ಮಂಚದ ಬಳಿ ನಿಂತು, "ಏಳು ದೇವಿ, ಇದು ನನ್ನ ಆಜ್ಞೆ!" ಎಂದು ಕೂಗಿದನು. ದೇವಿಯು ಏಳಲಿಲ್ಲ. ಆ ದುಃಖವೇ ಕ್ರೋಧವಾಗಿ ತಿರುಗಿ, ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ಹೊನ್ನಬ್ಬೆಯನ್ನು ಆನೆಯಿಂದ ತುಳಿಸಬೇಕೆಂದು ರಾಜಶಾಸನವು ಹೊರಟಿತು.

ಹೊನ್ನಬ್ಬೆಯ ಕೈಯಲ್ಲೇ ಹುಟ್ಟಿ ಬೆಳೆದಿದ್ದ ಕಾವಲಿನವನೊಬ್ಬನು ಕೋಟೆಬಾಗಿಲ ಅಗಳಿಯನ್ನು ಸರಿಸಲು, ಆ ವೃದ್ಧೆಯು ಮುಳ್ಳುಕಲ್ಲುಗಳೆನ್ನದೆ ಓಡಿ ಈ ಗಿರಿಯನ್ನು ಸೇರಿ, ಕೋಲಬೊಮ್ಮನೆಂಬ ಬೇಡನು ಜೇನು ಕಾಡುಹೂಗಳಿಂದ ಪೂಜಿಸುತ್ತಿದ್ದ ಸ್ವಯಂಭೂ ಲಿಂಗವನ್ನು ತಬ್ಬಿಕೊಂಡಳು. ಬೆನ್ನಟ್ಟಿ ಬಂದ ಅರಸನು ಪಟ್ಟದಾನೆಯ ಮೇಲೆ ಕುಳಿತು ಬಂಡೆಯಂಚಿಗೆ ಬರಲು, ಕೋಲಬೊಮ್ಮನು ತನ್ನ ಬಿಲ್ಲನ್ನು ದಾರಿಗೆ ಅಡ್ಡವಾಗಿಟ್ಟನು.

"ಪ್ರಭುವೇ, ಈಕೆ ನನ್ನ ಸ್ವಾಮಿಯನ್ನು ಹಿಡಿದುಕೊಂಡಿದ್ದಾಳೆ. ಬಿಡಿಸುವ ಶಕ್ತಿ ನನಗಿಲ್ಲ, ನಿನಗೂ ಇಲ್ಲ."

"ಬೇಡನೇ, ನೀನು ನಿಂತಿರುವ ನೆಲ ಯಾರದು?"

"ನೀನು ಹುಟ್ಟುವ ಮೊದಲು ಯಾರದಾಗಿತ್ತೋ ಅವನದು" ಎಂದನು ಕೋಲಬೊಮ್ಮ.

ಕೆರಳಿದ ಅರಸನು ಅಂಕುಶದಿಂದ ತಿವಿದು ಆನೆಯನ್ನು ನುಗ್ಗಿಸಲು, ಆ ಗಜರಾಜನು ಬಿಲ್ಲನ್ನು ದಾಟಿ ಲಿಂಗದ ಎದುರಿಗೆ ಬಂದವನೇ, ಸೊಂಡಿಲನ್ನೆತ್ತಿ ನಮಸ್ಕರಿಸಿ ಮಂಡಿಯೂರಿದನು. ಕರ್ಕಶವಾದ ಆ ಶಿಲೆಯು ಅವನ ಮಂಡಿಗಳ ಕೆಳಗೆ ನವನೀತದಂತೆ ಕರಗಿ ಕುಸಿಯಿತು. ಆಗ ಅರಸನು ತಾನೇ ಖಡ್ಗವನ್ನು ಹಿರಿದು ಕೆಳಗಿಳಿಯಲು, ಲಿಂಗಮಧ್ಯದಿಂದ ಮೇಘಗಂಭೀರವಾದ ದಿವ್ಯವಾಣಿಯು ಹೊಮ್ಮಿತು:

"ಎಲೈ ಭೂಪಾಲನೇ, ಹೋದ ಪ್ರಾಣವನ್ನು ಮರಳಿ ಕರೆಯುವ ಅಧಿಕಾರವನ್ನು ನಾನು ನಿನಗೆ ಕೊಡಲಿಲ್ಲ. ಇರುವ ಪ್ರಾಣವನ್ನು ಕಾಯುವ ಅಧಿಕಾರವನ್ನು ಕೊಟ್ಟೆನು. ಖಡ್ಗವನ್ನು ಕೊಟ್ಟದ್ದೂ ಅದಕ್ಕಾಗಿಯೇ. ನಿರಪರಾಧಿಯ ಮೇಲೆ ಅದನ್ನೆತ್ತಿದಲ್ಲಿಗೆ ನಿನ್ನ ರಾಜ್ಯವು ಮುಗಿಯಿತು. ಇದೇ ಅದರ ಮೇರೆ."

ಅರಸನು ಎತ್ತಿದ ಕೈಯನ್ನು ಇಳಿಸಲಾರದೆ ನಿಂತಿರಲು, ಹೊನ್ನಬ್ಬೆಯು ಲಿಂಗದಿಂದ ತಲೆಯೆತ್ತಿ ಮೆಲ್ಲನೆ ಕೇಳಿದಳು: "ಪ್ರಭುವೇ, ಕೂಸು ಹಾಲು ಕುಡಿಯಿತೇ?"

ತನಗೊಂದು ಕೂಸಿದೆಯೆಂಬುದನ್ನೇ ಮರೆತಿದ್ದ ರಣಧವಳನ ಕೈಯಿಂದ ಖಡ್ಗವು ಜಾರಿ ಬಿದ್ದಿತು. "ಅಮ್ಮಾ, ನನಗೆ ತಿಳಿಯದು. ನೀನೇ ಬಂದು ನೋಡು" ಎಂದು ಆಕೆಯ ಪಾದಗಳಿಗೆರಗಿ, ತನ್ನ ಶಾಸನವನ್ನು ತಾನೇ ಅಲ್ಲಿಯೇ ರದ್ದುಪಡಿಸಿದನು.

ಅನಂತರ ಹೊನ್ನಬ್ಬೆಯನ್ನು ಪಟ್ಟದಾನೆಯ ಮೇಲೆ ಕೂರಿಸಿ, ಚಕ್ರವರ್ತಿಯು ಬರಿಗಾಲಲ್ಲಿ ಮುಂದೆ ನಡೆಯುತ್ತ ವಜ್ರಪುರಿಯ ಮಹಾದ್ವಾರವನ್ನು ಹೊಕ್ಕಾಗ, ದಿಗ್ವಿಜಯಗಳಿಂದ ಬಂದಾಗಲೂ ಕೇಳದಿದ್ದ ಜಯಘೋಷವು ಮನೆಮನೆಯ ಮಾಳಿಗೆಗಳಿಂದ ಮೊಳಗಿತು. ಆಕೆಯ ಆರೈಕೆಯಲ್ಲಿ ಬೆಳೆದ ರಾಜಕುಮಾರಿಯು ಮುಂದೆ ಸಿಂಹಾಸನವನ್ನೇರುವ ಮುನ್ನ ಇಲ್ಲಿಗೆ ಬಂದು, "ಈ ಮೇರೆಯನ್ನು ಮೀರೆನು" ಎಂದು ಲಿಂಗವನ್ನು ಮುಟ್ಟಿ ನುಡಿದಳು. ಆಕೆಯ ವಂಶದ ಅರಸರೆಲ್ಲರೂ ಹಾಗೆಯೇ ನಡೆದುಕೊಂಡರು.

ಗಜರಾಜನ ಮಂಡಿಗಳು ಊರಿದ ಎರಡು ಕುಳಿಗಳು ಗರ್ಭಗುಡಿಯ ಮುಂದೆ ಇಂದಿಗೂ ಇದ್ದು, ಬಿರುಬೇಸಿಗೆಯಲ್ಲೂ ಅವುಗಳ ಜಲವು ಬತ್ತುವುದಿಲ್ಲ. ಫಾಲ್ಗುಣ ಶುದ್ಧ ಪಂಚಮಿಯ ಉತ್ಸವದಂದು ಆ ಪುಣ್ಯತೀರ್ಥವನ್ನು ಮೊದಲು ಹಸುಗೂಸುಗಳಿಗೂ ಅವುಗಳ ತಾಯಂದಿರಿಗೂ ಕೊಡಲಾಗುತ್ತದೆ. ನಾಡನ್ನಾಳುವವರು ಬಂದರೂ ಬೆಟ್ಟದ ಬುಡದಲ್ಲೇ ವಾಹನವಿಳಿದು, ಬರಿಗಾಲಲ್ಲಿ ಹತ್ತಿ, ಕೊನೆಯ ಕೂಸಿನ ತುಟಿಗೆ ತೀರ್ಥ ಮುಟ್ಟುವ ತನಕ ಕೈಮುಗಿದು ಕಾಯುತ್ತಾರೆ.