ರುಚಿ ನೋಡುವ ನಂಜಯ್ಯ ಅಂಗಡಿ ಇಟ್ಟದ್ದು

ಕಲ್ಗುಡಿ ಅಂತ ಒಂದು ರಾಜ್ಯ ಇತ್ತು, ಕೇಳಿ. ಎಷ್ಟು ದೊಡ್ಡ ರಾಜ್ಯ ಅಂತೀರಾ? ಅರಮನೆಯಲ್ಲಿ ಒಗ್ಗರಣೆ ಹಾಕಿದರೆ ಗಡಿ ಕಾಯುವವನಿಗೆ ಸೀನು ಬರುತ್ತಿತ್ತು, ಅಷ್ಟು ದೊಡ್ಡದು. ಆದರೂ ರಾಜ ಅಂದಮೇಲೆ ರಾಜ. ಬೊಮ್ಮರಸ ಅಂತ ಅವನ ಹೆಸರು. ಅವನಿಗೂ ಒಂದು ಕಿರೀಟ ಇತ್ತು, ಒಂದು ಕುದುರೆ ಇತ್ತು, ಹೇಳಿಕೊಳ್ಳೋಕೆ ನಾಲ್ಕು ಜನ ಶತ್ರುಗಳೂ ಇದ್ದರು. ಶತ್ರುಗಳಿದ್ದರೆ ಊಟದಲ್ಲಿ ವಿಷದ ಭಯ ಇರಲೇಬೇಕಲ್ಲ? ಅದಕ್ಕೇ ಅರಮನೆಯಲ್ಲಿ ರುಚಿ ನೋಡುವುದಕ್ಕೆ ಅಂತಲೇ ಒಬ್ಬನನ್ನು ಇಟ್ಟಿದ್ದರು. ಅವನ ಹೆಸರು ನಂಜಯ್ಯ. ಹೆತ್ತವರು ಏನು ತಿಳಿದು ಆ ಹೆಸರಿಟ್ಟಿದ್ದರೋ, ಶಿವನಿಗೇ ಗೊತ್ತು.

ನಂಜಯ್ಯನ ಕೆಲಸ ನೋಡುವುದಕ್ಕೆ ಬಲು ಸುಲಭ. ಬಡಿಸಿದ್ದರಲ್ಲಿ ಒಂದೊಂದು ತುತ್ತು ತಿನ್ನುವುದು. ಊದುಬತ್ತಿ ಉರಿದು ಮುಗಿಯುವವರೆಗೆ ಸುಮ್ಮನೆ ಕೂರುವುದು. ಅವನು ಸಾಯದಿದ್ದರೆ ರಾಜ ಊಟಕ್ಕೆ ಕೂರುತ್ತಿದ್ದ. ಹೀಗೆ ದಿನಾ ಸಾಯದೆ ಉಳಿದು ಉಳಿದು ನಂಜಯ್ಯನಿಗೆ ನಲವತ್ತೈದು ತುಂಬಿತು. ಹೊಟ್ಟೆ ಬಂತು, ಕೂದಲು ಹೋಯಿತು.

ಅಷ್ಟರಲ್ಲಿ ರಾಜನಿಗೆ ಹೊಟ್ಟೆನೋವು ಶುರುವಾಯಿತು. ವೈದ್ಯರು ನಾಡಿ ಹಿಡಿದು, ಇನ್ನು ಮೇಲೆ ಪ್ರಭುಗಳಿಗೆ ಗಂಜಿ ಮಾತ್ರ, ಅದಕ್ಕೂ ಉಪ್ಪು ಹಾಕುವಂತಿಲ್ಲ ಅಂದುಬಿಟ್ಟರು. ರಾಜ ಗಂಜಿಯ ಬಟ್ಟಲು ನೋಡಿದ, ನಂಜಯ್ಯನ ಮುಖ ನೋಡಿದ, ನಿಟ್ಟುಸಿರು ಬಿಟ್ಟ.

“ನಂಜಯ್ಯ, ಇದಕ್ಕೆ ಮೇಲಿಂದ ವಿಷ ಬೇರೆ ಹಾಕೋ ಅಂಥ ಶತ್ರು ನನಗಿಲ್ಲಪ್ಪ. ನೀನಿನ್ನು ಮನೆಗೆ ಹೋಗು.”

ರಾಜ ಕೆಟ್ಟವನಲ್ಲ. ಬರಿಗೈಯಲ್ಲಿ ಕಳಿಸಲಿಲ್ಲ. ಪೇಟೆಯಲ್ಲಿ ನಾಲ್ಕು ದಾರಿ ಕೂಡುವ ಕಡೆ, ಆಲದಮರದ ಕೆಳಗೆ ಒಂದು ಕಲ್ಲಿನ ಮಳಿಗೆ ಇತ್ತು. ಅದನ್ನು ನಂಜಯ್ಯನ ಹೆಸರಿಗೆ ಬರೆದುಕೊಟ್ಟ. ಅಂಥ ಜಾಗ ಊರಲ್ಲಿ ಇನ್ನೊಂದಿರಲಿಲ್ಲ.

ನಂಜಯ್ಯ ಮನೆಗೆ ಬಂದು ಹೆಂಡತಿ ಸಾಕವ್ವನಿಗೆ ವಿಷಯ ಹೇಳಿದ.

“ಮಳಿಗೆ ಕೊಟ್ರು, ಸರಿ. ಅದರಲ್ಲಿ ಏನು ಮಾರ್ತೀರಿ?” ಅಂದಳು ಸಾಕವ್ವ.

“ಅದೇ ಗೊತ್ತಾಗ್ತಿಲ್ಲ ಕಣೇ.”

ನಿಜಕ್ಕೂ ಅವನಿಗೆ ಗೊತ್ತಿರಲಿಲ್ಲ. ತಿನ್ನುವುದು ಗೊತ್ತಿತ್ತು, ಸಾಯದೆ ಇರುವುದು ಗೊತ್ತಿತ್ತು. ಅದನ್ನು ಯಾರು ಕೊಳ್ಳುತ್ತಾರೆ? ನಂಜಯ್ಯನಿಗೆ ಭಯವಾಯಿತು. ವಿಷ ಇದ್ದರೂ ಇರಬಹುದಾದ ತುತ್ತು ಬಾಯಿಗಿಡುವಾಗಲೂ ಅವನಿಗೆ ಅಷ್ಟು ಭಯ ಆಗಿರಲಿಲ್ಲ. ಈ ಮಳಿಗೆಯೊಂದು ಕೈಬಿಟ್ಟರೆ ಗಂಡಹೆಂಡಿರಿಗೆ ಗಂಜಿಯೂ ಇಲ್ಲ.

ನಡುವಯಸ್ಸಿನಲ್ಲಿ ಹೊಸ ಕಸುಬು ಹುಡುಕುವವನ ಮುಖವೇ ಬೇರೆ. ಅದನ್ನು ಮೂರು ಬೀದಿ ಆಚೆಯಿಂದ ಗುರುತು ಹಿಡಿಯುವವನು ಒಬ್ಬ ಆ ಊರಲ್ಲಿದ್ದ. ಸಲಹೆ ಚೆನ್ನಿಗಪ್ಪ ಅಂತ ಜನ ಕರೆಯುತ್ತಿದ್ದರು. ಈ ಚೆನ್ನಿಗಪ್ಪ ಹುಟ್ಟಿದಾಗಿನಿಂದ ಒಂದು ಅಂಗಡಿ ಇಟ್ಟವನಲ್ಲ. ಯಾರು ಯಾವ ಅಂಗಡಿ ಇಡಬೇಕು ಅಂತ ಹೇಳುವುದೇ ಅವನ ಕಸುಬು. ಆನೆ ಸತ್ತು ಕೆಲಸ ಹೋದ ಮಾವುತನಿಗೂ ಸಲಹೆ ಹೇಳಿದ್ದ. ನಗಾರಿ ಒಡೆದು ಕೆಲಸ ಹೋದ ನಗಾರಿಯವನಿಗೂ ಹೇಳಿದ್ದ. ಅವರಿಬ್ಬರ ಮಳಿಗೆಗಳಿಗೆ ಈಗ ಬೀಗ ಬಿದ್ದಿತ್ತು. ಬೀಗದ ಕೈ ಚೆನ್ನಿಗಪ್ಪನ ಸೊಂಟದಲ್ಲಿತ್ತು.

“ನಂಜಯ್ಯನವರೇ, ನಿಮ್ಮಂಥವರ ಹತ್ತಿರ ನಾನು ಕಾಸು ಮುಟ್ಟೋಲ್ಲ,” ಅಂದ ಚೆನ್ನಿಗಪ್ಪ. “ಮೂರು ಸಲಹೆ ಕೊಡ್ತೀನಿ. ಒಂದು ಕೈ ಹಿಡಿದ್ರೂ ನಿಮ್ಮ ಬಾಳು ಬಂಗಾರ. ನಂಗೊಂದು ನಮಸ್ಕಾರ ಹಾಕಿ, ಸಾಕು. ಮೂರೂ ನೆಲ ಕಚ್ಚಿದ್ರೆ ಮಾತ್ರ, ಆ ಮಳಿಗೆ ನಂದು.”

ಇಷ್ಟು ಧೈರ್ಯವಾಗಿ ಹೇಳಬೇಕಾದರೆ ಇವನಿಗೆ ಎಷ್ಟು ಗೊತ್ತಿರಬೇಕು ಅಂದುಕೊಂಡ ನಂಜಯ್ಯ. ಪೇಟೆಯವರ ಎದುರಿಗೇ ಒಪ್ಪಿಕೊಂಡ.

ಮೊದಲನೇ ಸಲಹೆ ಬಂತು.

“ಕೊಡೆ ಮಾರಿ. ಇಡೀ ರಾಜ್ಯದಲ್ಲಿ ಒಂದೇ ಒಂದು ಕೊಡೆ ಅಂಗಡಿ ಇಲ್ಲ. ಪೈಪೋಟಿಯೇ ಇಲ್ಲ, ನೋಡಿ!”

ಹೌದಲ್ಲ ಅನ್ನಿಸಿತು ನಂಜಯ್ಯನಿಗೆ. ಯಾಕೆ ಇಲ್ಲ ಅಂತ ಕೇಳಬೇಕು ಅನ್ನಿಸಲಿಲ್ಲ. ತಾಳೆಗರಿಯ ಕೊಡೆ ತರಿಸಿದ, ಸಾಲಾಗಿ ತೂಗುಹಾಕಿದ, ಒಂದನ್ನು ಬಿಚ್ಚಿ ತಲೆಯ ಮೇಲೆ ಹಿಡಿದುಕೊಂಡು ಗಿರಾಕಿಗಳಿಗೆ ಕಾದ. ಗಿರಾಕಿ ಬರಲಿಲ್ಲ. ಅರಮನೆಯ ಕಾವಲಿನವರು ಬಂದರು. ಕಲ್ಗುಡಿಯಲ್ಲಿ ಕೊಡೆ ಹಿಡಿಯುವ ಹಕ್ಕು ರಾಜನಿಗೊಬ್ಬನಿಗೇ ಇತ್ತಂತೆ. ಪಾಪ, ನಂಜಯ್ಯನಿಗೆ ಅದು ಹೇಗೆ ಗೊತ್ತಾಗಬೇಕು? ರಾಜನ ಮೆರವಣಿಗೆ ಹೊರಟಾಗಲೆಲ್ಲ ಅವನು ಅಡುಗೆಮನೆಯಲ್ಲಿ ಪಾಯಸದ ಮುಂದೆ ಕೂತಿರುತ್ತಿದ್ದ. ಹಳೆಯ ನೌಕರ ಅಂತ ತಲೆ ಉಳಿಯಿತು. ಕೊಡೆಗಳು ಉಳಿಯಲಿಲ್ಲ.

ಚೆನ್ನಿಗಪ್ಪ ಲೊಚಗುಟ್ಟಿದ. “ಸಲಹೆ ಸರಿಯಾಗೇ ಇತ್ತು. ನೀವು ಮಾಡಿದ ರೀತಿ ಸರಿ ಇರಲಿಲ್ಲ.”

ಎರಡನೇ ಸಲಹೆ ಬಂತು.

“ಗೊತ್ತಿರೋ ಕೆಲಸಕ್ಕೇ ಕೈ ಹಾಕಿ. ಊಟದ ಅಂಗಡಿ ಇಡಿ. ಅರಮನೆ ಶಿಸ್ತು ಅಂದ್ರೆ ಏನು ಅಂತ ಜನ ನೋಡಲಿ. ಅಲ್ಲಿ ಹೇಗೆ ಮಾಡ್ತಿದ್ರೋ ಇಲ್ಲೂ ಹಾಗೇ ಮಾಡಿ. ಒಂದು ಚೂರೂ ಬಿಡಬೇಡಿ.”

ಈ ಮಾತು ನಂಜಯ್ಯನಿಗೆ ಬಹಳ ಹಿಡಿಸಿತು. ಮೊದಲ ದಿನವೇ ಗಿರಾಕಿಗಳು ತುಂಬಿಕೊಂಡರು. ಎಲೆ ಹಾಕಿದ, ಬಿಸಿಬಿಸಿ ಅನ್ನ ಬಡಿಸಿದ, ಹುಳಿ ಬಡಿಸಿದ. ಹಸಿದವರು ಕೈ ಇಟ್ಟರು.

“ತಡೀರಿ!” ಅಂದ ನಂಜಯ್ಯ.

ಬೇರೆ ಎಲೆಯಲ್ಲಿ ತಾನೊಂದು ತುತ್ತು ತಿಂದ. ಊದುಬತ್ತಿ ಹಚ್ಚಿದ. ಕಣ್ಣು ಮುಚ್ಚಿ ಕೂತ.

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿದರು. “ಏನ್ ಸ್ವಾಮಿ ಇದು? ಯಾಕೆ ಹೀಗೆ ಕೂತ್ಕೊಂಡ್ರಿ?” ಅಂತ ಒಬ್ಬ ಕೇಳಿದ.

“ನಾನು ಸಾಯ್ತೀನೋ ಇಲ್ವೋ ನೋಡೋಣ. ಸಾಯದಿದ್ರೆ ನೀವು ಉಣ್ಣಬಹುದು,” ಅಂದ ನಂಜಯ್ಯ, ಬಹಳ ಮರ್ಯಾದೆಯಿಂದ.

ಊದುಬತ್ತಿ ಮುಗಿದು ಕಣ್ಣು ಬಿಟ್ಟಾಗ ಅಂಗಡಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅವತ್ತಿನಿಂದ ಆ ದಾರಿಯಲ್ಲಿ ಹೋಗುವವರು ವಿಷದ ಗಾಳಿ ತಗಲೀತು ಅಂತ ಮೂಗು ಮುಚ್ಚಿಕೊಂಡು ಹೋಗತೊಡಗಿದರು.

ಚೆನ್ನಿಗಪ್ಪ ಮತ್ತೆ ಲೊಚಗುಟ್ಟಿದ. “ಸಲಹೆ ಸರಿಯಾಗೇ ಇತ್ತು. ನೀವು ಮಾಡಿದ ರೀತಿ ಸರಿ ಇರಲಿಲ್ಲ. ಇರಲಿ, ಇನ್ನೊಂದು ಇದೆಯಲ್ಲ. ನಾಳೆ ಮಳಿಗೆ ಹತ್ತಿರ ಬನ್ನಿ, ಹೇಳ್ತೀನಿ.”

ನಂಜಯ್ಯ ಮನೆಗೆ ಬಂದು ಗೋಡೆಗೆ ಒರಗಿ ಕೂತ. ಸಾಕವ್ವ ತಟ್ಟೆ ತಂದಿಟ್ಟರೆ ಊಟ ಸೇರಲಿಲ್ಲ. “ನಾನು ದಡ್ಡ ಕಣೇ. ನಿನ್ನ ಬಾಯಿಗೂ ಮಣ್ಣು ಹಾಕಿದೆ,” ಅಂದ. ಅವನ ಕಣ್ಣಲ್ಲಿ ನೀರು ಬಂತು.

ಸಾಕವ್ವನಿಗೆ ಕೋಪವೂ ಬಂತು, ಕರುಳೂ ಚುರುಕ್ ಅಂತು. ಪಕ್ಕದಲ್ಲಿ ಕೂತು ಕೇಳಿದಳು, “ಅರಮನೆಯಲ್ಲಿ ನೀವು ಒಂದು ತುತ್ತು ತಿಂತಿದ್ರಿ, ಆಮೇಲೆ ರಾಜರು ತಿಂತಿದ್ರು. ನಿಮಗಿಂತ ಮುಂಚೆ ಯಾರೂ ತಿಂತಿರಲಿಲ್ವಾ?”

“ಯಾಕಿಲ್ಲ? ಅಡುಗೆಯವನು ತಿನ್ನಬೇಕು. ನನ್ನ ಕಣ್ಣೆದುರಿಗೇ ತಿನ್ನಬೇಕು. ಅವನು ತಿನ್ನದೇ ಇದ್ದದ್ದನ್ನ ನಾನು ಮೂಸಿ ಕೂಡ ನೋಡ್ತಿರಲಿಲ್ಲ.”

“ಮತ್ತೆ ಈ ಚೆನ್ನಿಗಪ್ಪ ಎರಡು ಸಲ ಸಲಹೆ ಬಡಿಸಿದನಲ್ಲ, ಅವನ ಬಾಯಿಗೆ ಒಂದು ತುತ್ತಾದರೂ ಹೋಯ್ತಾ?”

ನಂಜಯ್ಯ ಹೆಂಡತಿಯ ಮುಖವನ್ನೇ ನೋಡಿದ. ರಾಜನ ಹೊಟ್ಟೆಯನ್ನು ಅಷ್ಟು ವರ್ಷ ಕಾಯ್ದವನು ತನ್ನ ಹೊಟ್ಟೆಯ ವಿಷಯ ಬಂದಾಗ ಕಣ್ಣು ಮುಚ್ಚಿ ನುಂಗಿಬಿಟ್ಟಿದ್ದ. ನಾಚಿಕೆಯಾಯಿತು. ಆಮೇಲೆ ನಗು ಬಂತು. ತಟ್ಟೆ ಎಳೆದುಕೊಂಡು ಊಟ ಮಾಡಿದ.

ಮರುದಿನ ಬೆಳಿಗ್ಗೆ ಮಳಿಗೆಯ ಮುಂದೆ ಪೇಟೆಗೆ ಪೇಟೆಯೇ ಸೇರಿತ್ತು. ಇನ್ನೊಬ್ಬನ ಮಳಿಗೆ ಹೋಗುವುದನ್ನು ನೋಡುವುದಕ್ಕೆ ಜನ ಕೆಲಸ ಬಿಟ್ಟು ಬರುತ್ತಾರೆ, ನಿಮಗೆ ಗೊತ್ತೇ ಇದೆ. ಚೆನ್ನಿಗಪ್ಪ ಬಂದವನೇ ಆಲದಮರದ ಕಡೆ ಕೈ ತೋರಿಸಿದ. ಮಳಿಗೆಯ ಮಾಡಿನ ಮೇಲಕ್ಕೆ ಚಾಚಿದ ಕೊಂಬೆಯಲ್ಲಿ ಮೊರದಗಲದ ಹೆಜ್ಜೇನು ಕಟ್ಟಿತ್ತು. ಊರವರು ಅದರ ಕೆಳಗೆ ಕೆಮ್ಮುವುದಕ್ಕೂ ಹೆದರುತ್ತಿದ್ದರು.

“ಜೇನುತುಪ್ಪ ಮಾರಿ!” ಅಂದ ಚೆನ್ನಿಗಪ್ಪ. “ಬಂಡವಾಳ ಬೇಡ. ಕೂಲಿ ಬೇಡ. ಅವೇ ಹೋಗ್ತವೆ, ಅವೇ ತರ್ತವೆ, ಅವೇ ತುಂಬಿಸ್ತವೆ. ನೀವು ಮಾಡು ಹತ್ತಿ ಕೈ ಚಾಚಿದ್ರೆ ಆಯ್ತು.”

“ಕಚ್ಚೋಲ್ವಾ ಅಣ್ಣ?” ಅಂತ ಕೇಳಿದ ನಂಜಯ್ಯ.

“ಛೆ, ಛೆ! ಹೆದರಿದವರಿಗೆ ಕಚ್ತವೆ. ನಂಬಿಕೆಯಿಂದ ಕೈ ಹಾಕಿದ್ರೆ ಏನೂ ಮಾಡೋಲ್ಲ.”

ನಂಜಯ್ಯ ಕೈ ಮುಗಿದ. “ಸಲಹೆ ಒಪ್ಪಿದೆ ಅಣ್ಣ. ಆದರೆ ನಾನು ಅರಮನೆ ಅಭ್ಯಾಸದವನು. ಅಲ್ಲಿ ಬಡಿಸಿದವನೇ ಮೊದಲ ತುತ್ತು ತಿನ್ನಬೇಕು. ನೀವು ಹತ್ತಿ ಒಂದು ಚೂರು ಜೇನು ಕಿತ್ತು ಬಾಯಿಗೆ ಹಾಕ್ಕೊಳ್ಳಿ. ಆಮೇಲೆ ಊದುಬತ್ತಿ ಉರಿಯೋವರೆಗೆ ಅಲ್ಲೇ ಕೂತಿರಿ. ಕೂತಿದ್ರೆ, ಮಳಿಗೆನೂ ನಿಮ್ಮದೇ, ಜೇನೂ ನಿಮ್ಮದೇ, ನಾನು ಈಗಲೇ ಹೋಗ್ತೀನಿ. ಆಗದಿದ್ರೆ, ನನ್ನ ಮಳಿಗೆ ನನಗೇ ಇರಲಿ, ಇಲ್ಲಿವರೆಗೆ ಈ ಪೇಟೆಯಲ್ಲಿ ತಗೊಂಡ ಮಳಿಗೆಗಳನ್ನೆಲ್ಲ ಅವರವರಿಗೆ ಬಿಟ್ಟುಕೊಡಿ.”

“ಸರಿಯಾದ ಮಾತು!” ಅಂತ ಮಾವುತ ಕೂಗಿದ. “ಹತ್ತಲಿ, ಹತ್ತಲಿ!” ಅಂತ ನಗಾರಿಯವನು ಬರಿಗೈಯಲ್ಲೇ ಮಳಿಗೆಯ ಬಾಗಿಲು ಬಡಿದ.

ಚೆನ್ನಿಗಪ್ಪ ಹಿಂದೆ ಸರಿದಿದ್ದರೆ ಬಚಾವಾಗುತ್ತಿದ್ದ. ಆದರೆ ಒಂದು ಕಡೆ ನಾಲ್ಕು ದಾರಿ ಕೂಡುವ ಮಳಿಗೆ ಕೈಗೆಟಕುವ ಹಾಗೆ ಕಾಣುತ್ತಿತ್ತು. ಇನ್ನೊಂದು ಕಡೆ, ಎಷ್ಟೋ ವರ್ಷದಿಂದ ಬೇರೆಯವರಿಗೆ ಹೇಳಿ ಹೇಳಿ ಅವನಿಗೇ ತನ್ನ ಮಾತಿನ ಮೇಲೆ ನಂಬಿಕೆ ಬಂದುಬಿಟ್ಟಿತ್ತು. ಪಂಚೆ ಎತ್ತಿ ಕಟ್ಟಿ ಮಾಡು ಹತ್ತಿದ. ನಂಬಿಕೆಯಿಂದ ಕೈ ಹಾಕಿದ.

ಹೆಜ್ಜೇನುಗಳಿಗೆ ಅವನ ನಂಬಿಕೆಯ ವಿಚಾರ ಯಾರೂ ಹೇಳಿರಲಿಲ್ಲ.

ಮಾಡಿನಿಂದ ಹಾರಿದ, ಬೀದಿಯಲ್ಲಿ ಓಡಿದ, ಕಲ್ಯಾಣಿಗೆ ದುಮುಕಿದ. ಜೇನುಗಳೂ ಜೊತೆಗೇ ಹೋದವು. ಅವನು ಮುಳುಗಿದರೆ ಅವು ನೀರಿನ ಮೇಲೆ ಸುತ್ತುತ್ತಿದ್ದವು. ಮೂಗು ತೋರಿಸಿದರೆ ಮೂಗಿಗೇ ಎರಗುತ್ತಿದ್ದವು. ಜನ ಮನೆಮನೆಯಿಂದ ಕಂಬಳಿ ತಂದು ಹೊದ್ದು, ದೂರದ ಮೆಟ್ಟಿಲ ಮೇಲೆ ಕೂತು ನೋಡಿದರು.

“ಒಳಗೇ ಇರು ಮಾರಾಯ, ಆನೆ ಹಾಗೆ ನೀರಲ್ಲೇ ಇರು!” ಅಂದ ಮಾವುತ.

“ಬೇಡ ಬೇಡ, ಎದ್ದು ಬಂದು ಜೋರಾಗಿ ಸದ್ದು ಮಾಡು!” ಅಂದ ನಗಾರಿಯವನು.

“ಎಲ್ಲಕ್ಕಿಂತ ಮೊದಲು ಹೆದರಬೇಡ, ನಂಬಿಕೆ ಇಡು!” ಅಂದ ಇನ್ಯಾರೋ.

ಚೆನ್ನಿಗಪ್ಪ ಮೇಲೆದ್ದು ಬಾಯಿ ಬಾಯಿ ಬಡಿದುಕೊಂಡ. “ಅಯ್ಯೋ, ಸಲಹೆ ಬೇಡ್ರಪ್ಪೋ! ಒಂದು ಕಂಬಳಿ ಕೊಡಿ!”

ಸಾಕವ್ವ ಒಂದು ಕೈಯಲ್ಲಿ ಹೊಗೆಯಾಡುವ ಬೆರಣಿ, ಇನ್ನೊಂದು ಕೈಯಲ್ಲಿ ಕಂಬಳಿ ಹಿಡಿದು ಮೆಟ್ಟಿಲಿಳಿದಳು. “ಸಲಹೆ ಸರಿಯಾಗೇ ಇತ್ತು ಅಣ್ಣ. ನೀವು ಮಾಡಿದ ರೀತಿ ಸರಿ ಇರಲಿಲ್ಲ,” ಅಂದಳು. “ಬೀಗದ ಕೈ ಈ ಕಡೆ ಎಸೀರಿ. ಕಂಬಳಿ ಬರುತ್ತೆ.”

ನೀರೊಳಗಿಂದ ಬೀಗದ ಕೈಗಳ ಗೊಂಚಲು ಹಾರಿಬಂದು ಮೆಟ್ಟಿಲ ಮೇಲೆ ಬಿತ್ತು. ಮಾವುತ ತನ್ನದನ್ನು ಆರಿಸಿಕೊಂಡ. ನಗಾರಿಯವನು ತನ್ನದನ್ನು ಆರಿಸಿಕೊಂಡು ಅಲ್ಲೇ ಕೂತು ಅತ್ತ.

ಇನ್ನು ನಂಜಯ್ಯನ ವಿಷಯ. ಈ ಸಲ ಅವನು ಯಾರನ್ನೂ ಕೇಳಲಿಲ್ಲ. ಸಾಕವ್ವನ ಕೈಯಲ್ಲಿ ಮೂರು ಬಟ್ಟಲು ಚಟ್ನಿಪುಡಿ ಮಾಡಿಸಿದ, ಹುಚ್ಚೆಳ್ಳು, ಅಗಸೆ, ಕಡಲೆ. ಮನೆಯ ಜಗಲಿಯ ಮೇಲಿಟ್ಟು ಹೋಗಿ ಬರುವವರ ಕೈಗೆ ಒಂದೊಂದು ಚಿಟಿಕೆ ಹಾಕಿದ, ಮೊದಲು ತಾನು ನೆಕ್ಕಿ. ಊದುಬತ್ತಿ ಮಾತ್ರ ಹಚ್ಚಲಿಲ್ಲ. ಹುಚ್ಚೆಳ್ಳಿನ ಬಟ್ಟಲು ಎಲ್ಲಕ್ಕಿಂತ ಮೊದಲು ಖಾಲಿಯಾಯಿತು, ಜನ ಮಾರನೇ ದಿನವೂ ಕೇಳಿಕೊಂಡು ಬಂದರು. ಆಮೇಲೇ ಅವನು ಮಳಿಗೆಯ ಬಾಗಿಲು ತೆಗೆದದ್ದು.

“ಅರಮನೆಯಲ್ಲಿ ಏನೇನೋ ತಿಂದೆ ಕಣೇ, ನಿನ್ನ ಈ ಪುಡಿ ಮುಂದೆ ಯಾವುದೂ ಇಲ್ಲ,” ಅಂದ ಒಂದು ದಿನ.

“ಇದನ್ನ ಹೇಳೋಕೆ ನಿಮಗೆ ಕೆಲಸ ಹೋಗಬೇಕಾಯ್ತು,” ಅಂದಳು ಸಾಕವ್ವ. ಆದರೆ ಅವಳಿಗೆ ಸಂತೋಷವಾಗಿತ್ತು.

ಅದಕ್ಕೇ ನೋಡಿ, ಈ ಕಥೆ ಕೇಳಿದವರು ಇಷ್ಟು ನೆನಪಿಟ್ಟುಕೊಳ್ಳಿ. ಹೊಸ ಕಸುಬಿಗೆ ಇಳಿಯುವವನು ಮೊದಲು ಒಂದು ಚಿಟಿಕೆ ನೋಡಬೇಕು, ಆಮೇಲೆ ಪಾತ್ರೆ ಇಳಿಸಬೇಕು. ಯಾರಾದರೂ ಬಂದು ನಿನ್ನ ಬಾಳು ಬಂಗಾರ ಮಾಡುತ್ತೇನೆ ಅಂದರೆ, ಅವನು ತನ್ನ ಸಲಹೆಯನ್ನು ತಾನು ಉಂಡಿದ್ದಾನೋ ಇಲ್ಲವೋ ನೋಡಬೇಕು. ತಾನು ಉಣ್ಣದ್ದನ್ನು ಊರಿಗೆ ಬಡಿಸಿದವನು ಒಂದಲ್ಲ ಒಂದು ದಿನ ಅದನ್ನು ತಾನೇ ಉಣ್ಣಬೇಕಾಗುತ್ತದೆ.

ಚೆನ್ನಿಗಪ್ಪ ಏನಾದ ಅಂತೀರಾ? ಊತ ಇಳಿಯಿತು. ಅವನ ಸಲಹೆ ಈಗ ಯಾರಿಗೂ ಬೇಡ. ಅವನಿಗೂ ನಲವತ್ತೈದು ದಾಟಿದೆ, ಹೊಸ ಕಸುಬು ಹುಡುಕುತ್ತಿದ್ದಾನೆ. ಯಾವುದು ಹಿಡಿದರೆ ಒಳ್ಳೆಯದು ಅಂತ ಊರಿಗೆ ಊರೇ ಅವನಿಗೆ ಹೇಳಿಕೊಡುತ್ತಿದೆ, ಪುಕ್ಕಟೆ.